ಹಾರ್ಮೋನ್ ಪರೀಕ್ಷೆ: ಯಾವ ದಿನದ ರಕ್ತ?

ಮಕ್ಕಳಾಗಲು ಮಾಡುವ ಚಿಕಿತ್ಸೆ ಐಯುಐ (ಗರ್ಭಕೋಶಕ್ಕೆ ವೀರ್ಯ ಸೇರಿಸುವುದು) ಇರಲಿ, ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವುದು) ಇರಲಿ, ಹಾರ್ಮೋನ್ ಪರೀಕ್ಷೆಗೆ ಬಂದವರ ಕೈಗೆ ಪಟ್ಟಿ ಬಿಗಿಯುವ ಮುಂಚೆ ನಾನು ಕೇಳುವುದು ಒಂದೇ: ಇವತ್ತು ಮುಟ್ಟಿನ ಎಷ್ಟನೇ ದಿನ? ಉತ್ತರವನ್ನು ಫಾರಂನಲ್ಲಿ ಹೆಸರಿನ ಪಕ್ಕದಲ್ಲೇ ಬರೆಯುತ್ತೇನೆ. ಅಂಡ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ 14 ಬಂತು ಅನ್ನಿ. ಎರಡನೇ ದಿನದ ರಕ್ತವಾದರೆ ಅಂಡಗಳ ದಾಸ್ತಾನು ಕಡಿಮೆಯಾಗಿದೆ ಎಂಬ ಸೂಚನೆ. ತಿಂಗಳ ನಡುವಿನ ರಕ್ತವಾದರೆ ಅಂಡ ಬಿಡುಗಡೆಯ ಹೊತ್ತಿನ ಸಹಜ ಏರಿಕೆ. ದಿನ ಬರೆಯದ ರಿಪೋರ್ಟು ನೋಡಿ ಡಾಕ್ಟರಿಗೆ ಏನೂ ಹೇಳಲಾಗದು.

ಎಡವಟ್ಟಾಗುವುದು ಹೆಚ್ಚಾಗಿ ಒಂದನೇ ದಿನ ಯಾವುದು ಎನ್ನುವಲ್ಲೇ. “ಸಿಸ್ಟರ್, ನಿನ್ನೆ ಸ್ವಲ್ಪ ಕಲೆ ಕಾಣಿಸಿತು, ಇವತ್ತು ಎರಡನೇ ದಿನ ಅಲ್ವಾ?” ಅಲ್ಲ. ಬರೀ ಕಲೆ ಲೆಕ್ಕಕ್ಕಿಲ್ಲ. ಪ್ಯಾಡ್ ಬೇಕೇಬೇಕು ಎನ್ನುವಷ್ಟು ಕೆಂಪು ರಕ್ತ ಹೋದ ದಿನವೇ ಒಂದನೆಯದು. ರಾತ್ರಿ ಶುರುವಾಗಿದ್ದರೆ ನಾವು ಮರುದಿನವನ್ನು ಒಂದು ಎಂದು ಹಿಡಿಯುತ್ತೇವೆ. ತಲೆಸ್ನಾನದ ದಿನದಿಂದ ಎಣಿಸಿಕೊಂಡು ಬರುವವರೂ ಇದ್ದಾರೆ, ಅವರ ‘ಎರಡನೇ ದಿನ’ ಐದೋ ಆರೋ ಆಗಿರುತ್ತದೆ. ಈ ಸಲ ಎಂದಿಗಿಂತ ಕಡಿಮೆ ಹೋಗಿದೆ ಎಂದರೆ ಗರ್ಭ ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮೊದಲು, ಉಳಿದದ್ದು ಆಮೇಲೆ. ಗರ್ಭ ನಿಂತಿರುವಾಗಲೂ ಸ್ವಲ್ಪ ರಕ್ತ ಕಾಣಬಹುದು.

ಎಫ್‌ಎಸ್‌ಎಚ್, ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್), ಎಸ್ಟ್ರಾಡಿಯಾಲ್ (ಅಂಡಾಶಯದ ಹಾರ್ಮೋನ್) ಮೂರನ್ನೂ 2 ಅಥವಾ 3ನೇ ದಿನ ಒಂದೇ ಸಲ ತೆಗೆದ ರಕ್ತದಲ್ಲಿ ನೋಡಬೇಕು. ಎರಡನೇ ದಿನ ಭಾನುವಾರ ಬಿದ್ದರೆ ಗಾಬರಿ ಬೇಡ, ಸೋಮವಾರ ಬನ್ನಿ. ದುಡ್ಡು ಉಳಿಸಲು ಎಸ್ಟ್ರಾಡಿಯಾಲ್ ಬಿಟ್ಟು ಎಫ್‌ಎಸ್‌ಎಚ್ ಒಂದನ್ನೇ ಮಾಡಿಸಿದರೆ ಮೋಸಹೋಗುವ ಸಾಧ್ಯತೆ ಇದೆ. ಅಂಡಾಶಯದಲ್ಲಿ ಹಳೆಯ ಗುಳ್ಳೆ ಉಳಿದಿದ್ದರೆ, ಇಲ್ಲವೇ ಕೋಶಕ (ಅಂಡ ಬೆಳೆಯುವ ಪುಟ್ಟ ಚೀಲ) ಬೇಗ ಬೆಳೆಯತೊಡಗಿದ್ದರೆ ಎಸ್ಟ್ರಾಡಿಯಾಲ್ 80 ದಾಟಿರಬಹುದು. ಅದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಅದುಮಿ, ಮೇಲಿರಬೇಕಾದ ಎಫ್‌ಎಸ್‌ಎಚ್ ಅನ್ನು 7, 8ಕ್ಕೆ ಇಳಿಸಿ ತೋರಿಸುತ್ತದೆ. ಅದೇ ದಿನ ಕೋಶಕ ಎಣಿಸುವ ಸ್ಕ್ಯಾನ್ ಕೂಡ ಆಗಿಬಿಡಲಿ. ರಕ್ತ ಹೋಗುವಾಗ ಒಳಗಿನ ಸ್ಕ್ಯಾನ್ ಎಂದರೆ ಸಂಕೋಚಪಡುವವರೇ ಹೆಚ್ಚು. ನಮಗೆ ಅದು ದಿನನಿತ್ಯದ ಕೆಲಸ, ಅಪಾಯವೂ ಇಲ್ಲ.

ಎಎಂಎಚ್ (ಅಂಡಗಳ ದಾಸ್ತಾನು ತೋರಿಸುವ ಹಾರ್ಮೋನ್), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಯಾವ ದಿನವಾದರೂ ಸರಿ. ಆದರೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಎಎಂಎಚ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಎರಡು ಲ್ಯಾಬಿನ ರಿಪೋರ್ಟು ಹೋಲಿಸುವಾಗ ಮಾಪನವನ್ನೂ ನೋಡಿ: ಎಎಂಎಚ್‌ನಲ್ಲಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಎಂದರೆ ಲೀಟರಿಗೆ ಸುಮಾರು 7 ಪಿಕೋಮೋಲ್. 7 ಇದ್ದದ್ದು 1ಕ್ಕೆ ಇಳಿಯಿತು ಎಂದು ಅತ್ತವರಿದ್ದಾರೆ, ಇಳಿದೇ ಇರಲಿಲ್ಲ.

ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡುವ ನೊರೆಥಿಸ್ಟೆರಾನ್ ಮಾತ್ರೆ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಅದು ನಿಮ್ಮ ಹಾರ್ಮೋನುಗಳನ್ನು ತಾತ್ಕಾಲಿಕವಾಗಿ ತಗ್ಗಿಸಿರುತ್ತದೆ. ತುರ್ತಿಲ್ಲದಿದ್ದರೆ ಮುಂದಿನ ಸಹಜ ಮುಟ್ಟಿಗೆ ಕಾಯಿಸುತ್ತೇನೆ.

ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್‌ಗೆ ತಾರೀಖಿಗಿಂತ ಗಡಿಯಾರ ಮುಖ್ಯ. ನಿದ್ದೆಯಲ್ಲಿ ಅದು ಏರುತ್ತದೆ. ಆದ್ದರಿಂದ ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಖಾಲಿ ಹೊಟ್ಟೆಯಲ್ಲಿ ತೆಗೆಸಿ. ಬಸ್ಸಿಂದ ಇಳಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ಅರ್ಧ ಗಂಟೆ ಕೂರಿಸುತ್ತೇನೆ. ಹಿಂದಿನ ರಾತ್ರಿ ದಾಂಪತ್ಯ ಸಂಪರ್ಕವೂ ಬೇಡ. ಇಷ್ಟಾದರೂ 60, 70ರಷ್ಟು ಹೆಚ್ಚು ಬಂದರೆ ಗ್ಯಾಸ್ಟ್ರಿಕ್ ಮಾತ್ರೆಯ ಸ್ಟ್ರಿಪ್ ತರಿಸಿ ನೋಡುತ್ತೇನೆ. ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಬೆರೆತಿದ್ದರೆ ಅದೇ ಕಾರಣವಿರಬಹುದು. ಡಾಕ್ಟರನ್ನು ಕೇಳಿ ನಿಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಕೂದಲು ಉದುರದಿರಲೆಂದು ತಿನ್ನುವ ಬಯೋಟಿನ್ ಇನ್ನೊಂದು ಕಳ್ಳ: ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ತಗ್ಗಿಸಿ, ಎಸ್ಟ್ರಾಡಿಯಾಲ್ ಏರಿಸಿ ತೋರಿಸುತ್ತದೆ. ಅದನ್ನು ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತೇನೆ.

ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್ ಪ್ರೊಜೆಸ್ಟೆರಾನ್. ಚೀಟಿಯಲ್ಲಿ ‘21ನೇ ದಿನ ಪ್ರೊಜೆಸ್ಟೆರಾನ್’ ಎಂದು ಕಂಡರೆ ಚಕ್ರ ಎಷ್ಟು ದಿನದ್ದು ಎಂದು ಕೇಳದೆ ರಕ್ತ ತೆಗೆಯುವುದಿಲ್ಲ. 21 ಎಂಬುದು 28 ದಿನದ ಚಕ್ರದವರ ಲೆಕ್ಕ. ನಿಜವಾದ ನಿಯಮ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ. 35 ದಿನಕ್ಕೆ ಆಗುವವರಿಗೆ ಅದು 28ನೇ ದಿನ. ಅವರಿಂದ 21ಕ್ಕೇ ರಕ್ತ ತೆಗೆದರೆ 0.5 ಬಂದು, ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂಬ ತಪ್ಪು ಹಣೆಪಟ್ಟಿ ಅಂಟುತ್ತದೆ. 3 ನ್ಯಾನೋಗ್ರಾಂ ದಾಟಿದರೆ ಅಂಡ ಬಿಡುಗಡೆಯಾಗಿದೆ ಎಂದರ್ಥ. ಗಂಟೆಗಂಟೆಗೂ ಏರಿಳಿಯುವ ಹಾರ್ಮೋನ್ ಇದು, ಹಾಗಾಗಿ 8ಕ್ಕೂ 12ಕ್ಕೂ ನಡುವಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರಕ್ತ ಕೊಟ್ಟ ಮೇಲೆ ಮುಂದಿನ ಮುಟ್ಟಿನ ತಾರೀಖನ್ನು ತಿಳಿಸಿ. ಏಳು ದಿನದ ಲೆಕ್ಕ ಸರಿಬಿತ್ತೋ ಇಲ್ಲವೋ ಗೊತ್ತಾಗುವುದು ಆಗಲೇ.

ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದು ಮೂರು ತಿಂಗಳಾದರೂ ಮುಟ್ಟಾಗದವರಿಗೆ ಎರಡನೇ ದಿನ ಎಲ್ಲಿಂದ ತರುವುದು? ಗರ್ಭವಿಲ್ಲ ಎಂದು ಖಾತ್ರಿ ಮಾಡಿಕೊಂಡು ಡಾಕ್ಟರು ಐದರಿಂದ ಹತ್ತು ದಿನ ಮುಟ್ಟು ಬರಿಸುವ ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಲಿಗ್ರಾಂ ಮಾತ್ರೆ ಬರೆಯುತ್ತಾರೆ. ಮಾತ್ರೆ ಮುಗಿದು ಸಾಮಾನ್ಯವಾಗಿ ಒಂದು ವಾರದೊಳಗೆ ರಕ್ತ ಕಾಣುತ್ತದೆ. ಅದರ ಎರಡನೇ ದಿನ ಬಂದರೆ ಸಾಕು. ಫಾರಂನಲ್ಲಿ ‘ಮಾತ್ರೆಯಿಂದಾದ ಮುಟ್ಟು’ ಎಂದು ಬರೆಯುವುದನ್ನು ಮಾತ್ರ ಮರೆಯುವುದಿಲ್ಲ.