ತಿರುವಿನಲ್ಲಿ ಬೈಕ್ ಎಷ್ಟು ವಾಲಬೇಕು?

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು ಸಿಗುತ್ತವೆ. ಅಲ್ಲಿ ಬೈಕ್ ಎಷ್ಟು ವಾಲಬೇಕೆಂದು ತೀರ್ಮಾನಿಸುವುದು ನಿಮ್ಮ ವೇಗ ಮತ್ತು ತಿರುವಿನ ತ್ರಿಜ್ಯ. ಗಾಡಿಯ ತೂಕ, ಸಿಸಿ ಈ ಲೆಕ್ಕಕ್ಕೇ ಬರುವುದಿಲ್ಲ.

10 ಮೀಟರ್ ತ್ರಿಜ್ಯದ ತಿರುವಿಗೆ ಗಂಟೆಗೆ 20 ಕಿ.ಮೀ.ನಲ್ಲಿ ಹೋದರೆ ಸುಮಾರು 17 ಡಿಗ್ರಿ ವಾಲಿದರೆ ಸಾಕು. 25ಕ್ಕೆ 26 ಡಿಗ್ರಿ, 30ಕ್ಕೆ 35. ವೇಗ ಹೆಚ್ಚಿದ್ದು ಬರೀ 10 ಕಿ.ಮೀ., ವಾಲುವುದು ಇಮ್ಮಡಿ! ಟೈರ್ ಅಗಲವಿದ್ದಷ್ಟೂ ಇದಕ್ಕಿಂತ ಇನ್ನೊಂದಿಷ್ಟು ಹೆಚ್ಚು ವಾಲಬೇಕಾಗುತ್ತದೆ.

ಒಳ್ಳೆಯ ಟೈರು, ಒಣ ಡಾಂಬರು ಇದ್ದರೆ ಹಿಡಿತ ಸುಮಾರು 45 ಡಿಗ್ರಿವರೆಗೆ ಸಿಗಬಹುದು. ಮಳೆಯಲ್ಲಿ ಹಿಡಿತ ಅರ್ಧಕ್ಕಿಳಿದರೆ ಮಿತಿ ಸುಮಾರು 27ಕ್ಕೆ ಬರುತ್ತದೆ. ಪಾಚಿ, ಎಲೆ, ಜಲ್ಲಿ ಇದ್ದಲ್ಲಿ ಅದನ್ನೂ ನಂಬಬೇಡಿ. ಮೋಟೊಜಿಪಿ ಬೈಕ್ ರೇಸಿನವರು 60 ಡಿಗ್ರಿ ದಾಟಿ ವಾಲುವುದು ಬಿಸಿಯಾದ ಸ್ಲಿಕ್ (ಗೆರೆಯಿಲ್ಲದ ನುಣುಪಾದ) ಟೈರಿನ ಬಲದಿಂದ. ಘಾಟಿಯಲ್ಲಿ ಆ ಹುಚ್ಚು ಬೇಡ.

ತಿರುವು ಶುರುವಾಗುವ ಮೊದಲೇ, ಗಾಡಿ ನೆಟ್ಟಗಿರುವಾಗಲೇ, ಬ್ರೇಕ್ ಹಿಡಿದು ವೇಗ ಇಳಿಸಿ. ಎರಡನೇ ಗೇರಿಗೆ ಬಂದು ಕ್ಲಚ್ ಪೂರ್ತಿ ಬಿಡಿ. ಕಣ್ಣು ತಿರುವು ಮುಗಿಯುವ ಕಡೆಗಿರಲಿ. ಎಡ ತಿರುವಾದರೆ ಎಡ ಹ್ಯಾಂಡಲ್ಲನ್ನು ಮುಂದಕ್ಕೆ ಮೆಲ್ಲಗೆ ಒತ್ತಿ, ಗಾಡಿ ತಾನಾಗಿ ಎಡಕ್ಕೆ ವಾಲುತ್ತದೆ. ನಂಬಿಕೆ ಬಾರದಿದ್ದರೆ ಖಾಲಿ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಒಂಚೂರು ಒತ್ತಿ ನೋಡಿ. ವಾಲಿದ ಮೇಲೆ ಆಕ್ಸಿಲರೇಟರನ್ನು ಸಮನಾಗಿ ಹಿಡಿದಿರಿ. ಎಡ ಹೇರ್‌ಪಿನ್ನಿನಲ್ಲಿ ಒಳ ಅಂಚಿಗೆ ಅಂಟಿಕೊಂಡರೆ ತ್ರಿಜ್ಯ ಚಿಕ್ಕದಾಗುತ್ತದೆ, ಜಲ್ಲಿ ಗುಡ್ಡೆಯಾಗಿರುವುದೂ ಅಲ್ಲೇ. ಹಾಗಂತ ಮಧ್ಯದ ಗೆರೆ ದಾಟಬೇಡಿ. ಕೆಳಗಿನಿಂದ ಬರುವ ಬಸ್ಸಿಗೆ ಇಡೀ ರಸ್ತೆ ಬೇಕು.

ತಿರುವಿನ ಮಧ್ಯೆ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನೆಟ್ಟಗಾಗಿ ಹೊರಗಿನ ಅಂಚಿಗೆ ಓಡುತ್ತದೆ, ಇಲ್ಲವೇ ಚಕ್ರ ಜಾರುತ್ತದೆ. ಹಿಂದೆ ಕೂತವರು ಹೆದರಿ ಎದುರು ದಿಕ್ಕಿಗೆ ಬಾಗಿದರೂ ಕಷ್ಟ, ಆಗ ಗಾಡಿ ಇನ್ನಷ್ಟು ವಾಲಬೇಕಾಗುತ್ತದೆ. ನಿಮ್ಮ ಒಳಭಾಗದ ಭುಜದ ಮೇಲಿಂದ ರಸ್ತೆ ನೋಡಲು ಅವರಿಗೆ ಮೊದಲೇ ಹೇಳಿ.

ಫುಟ್‌ರೆಸ್ಟ್ ಕರ್ ಎಂದು ಉಜ್ಜಿದರೆ ಅದು ಎಚ್ಚರಿಕೆ, ಮಡಚಿಕೊಳ್ಳುವಂಥದ್ದಾದರೆ ಮೇಲೇಳುತ್ತದೆ. ಡಬಲ್ ಸ್ಟ್ಯಾಂಡ್, ಕ್ರ್ಯಾಶ್ ಗಾರ್ಡ್ ಮಡಚುವುದಿಲ್ಲ. ಅವುಗಳ ಮೇಲೆ ಭಾರ ಬಿದ್ದರೆ ಚಕ್ರ ರಸ್ತೆ ಬಿಟ್ಟು ಏಳುತ್ತದೆ. ಉಜ್ಜಿದಾಗ ಗಾಡಿಯನ್ನು ಜಗ್ಗಿ ನೆಟ್ಟಗೆ ಮಾಡಬೇಡಿ. ಭುಜ, ಎದೆಯನ್ನು ತಿರುವಿನ ಒಳಗೆ ತನ್ನಿ, ಗಾಡಿ ಒಂದಿಷ್ಟು ಮೇಲೇಳುತ್ತದೆ. ಮುಂದಿನ ತಿರುವಿಗೆ 5 ಕಿ.ಮೀ. ಕಡಿಮೆ ವೇಗದಲ್ಲಿ ಬನ್ನಿ.