ಜೊತೆಗಾರರು ಮತ್ತು ಓದುವ ಮನಸ್ಸು: ಒಬ್ಬ ಗಣಿತ ಶಿಕ್ಷಕನ ಅನುಭವ

ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿರುವ ನಾನು, ಒಬ್ಬ ವಿದ್ಯಾರ್ಥಿಯ ಓದುವ ಮನಸ್ಸನ್ನು ತಿಳಿಯಬೇಕಾದರೆ ಮೊದಲು ಅವನ ಜೊತೆಗಾರರನ್ನು ನೋಡುತ್ತೇನೆ. ಎಂಟನೇ ತರಗತಿಯಲ್ಲಿ ಉತ್ಸಾಹದಿಂದ ಕೈ ಎತ್ತುತ್ತಿದ್ದ ಹುಡುಗ ಒಂಬತ್ತಕ್ಕೆ ಬಂದ ಮೇಲೆ ತಲೆ ತಗ್ಗಿಸಿ ಕೂತರೆ, ಅವನಿಗೆ ಲೆಕ್ಕ ಮರೆತುಹೋಯಿತೆಂದು ತೀರ್ಮಾನಿಸುವುದಿಲ್ಲ; ಬಿಸಿಯೂಟಕ್ಕೆ ಅವನು ಯಾರ ಪಕ್ಕದಲ್ಲಿ ಕೂರುತ್ತಾನೆ, ಸಂಜೆ ಯಾರೊಡನೆ ಬಸ್ಸಿಗೆ ಕಾಯುತ್ತಾನೆ ಎಂಬುದನ್ನು ಗಮನಿಸುತ್ತೇನೆ.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಕಿಂಡರ್‌ಮನ್ ಅವರು ಪ್ರಾಥಮಿಕ ಶಾಲೆಯ ಮಕ್ಕಳ ಗೆಳೆಯರ ಗುಂಪುಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನವು ನನ್ನ ಈ ಅಭ್ಯಾಸಕ್ಕೆ ಆಧಾರವಾಗಿದೆ. ಓದಿನಲ್ಲಿ ಒಂದೇ ಬಗೆಯ ಆಸಕ್ತಿಯುಳ್ಳ ಮಕ್ಕಳು ಒಟ್ಟುಗೂಡುತ್ತಾರೆಂಬುದು ಅದರ ಒಂದು ಅಂಶ. ವರ್ಷದ ಅವಧಿಯಲ್ಲಿ ಗುಂಪಿನ ಸದಸ್ಯರು ಬದಲಾದರೂ ಗುಂಪಿನ ಒಟ್ಟು ಧೋರಣೆ ಹೆಚ್ಚು ಬದಲಾಗದೆ ಉಳಿಯಿತೆಂಬುದು ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ. ಗುಂಪುಗಳನ್ನು ಗುರುತಿಸಲು ಅವರು ಬಳಸಿದ ಕ್ರಮವನ್ನೇ ನಾನೂ ಅನುಸರಿಸುತ್ತೇನೆ. 'ನಿನ್ನ ಗೆಳೆಯರು ಯಾರು?' ಎಂದು ಕೇಳಿದರೆ ಮಕ್ಕಳು ತಮಗೆ ಬೇಕಾದವರ ಹೆಸರು ಹೇಳುತ್ತಾರೆ. 'ನಿಮ್ಮ ತರಗತಿಯಲ್ಲಿ ಯಾರು ಯಾರು ಯಾವಾಗಲೂ ಒಟ್ಟಿಗಿರುತ್ತಾರೆ?' ಎಂದು ಹಲವರನ್ನು ಪ್ರತ್ಯೇಕವಾಗಿ ಕೇಳಿದರೆ ಇಡೀ ತರಗತಿಯ ಚಿತ್ರ ಸಿಗುತ್ತದೆ.

ಹೀಗೆ ಗುರುತಿಸಿದ ಗುಂಪನ್ನು ನಾನು ಒಡೆಯುವುದಿಲ್ಲ. ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ತರಗತಿಗೇ ಮೊದಲಿಗನಾದವನ ಪಕ್ಕದಲ್ಲಿ ಕೂರಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅದರಿಂದ ಬೆಂಚು ಬದಲಾಗುತ್ತದೆಯೇ ಹೊರತು ಜೊತೆ ಬದಲಾಗುವುದಿಲ್ಲ. ಮೇಲಾಗಿ, ತನಗಿಂತ ಬಹಳ ಮುಂದಿರುವವನೊಡನೆ ದಿನವೂ ಹೋಲಿಸಿಕೊಳ್ಳುವ ಮಗು ತನ್ನ ಶಕ್ತಿಯ ಬಗ್ಗೆಯೇ ನಂಬಿಕೆ ಕಳೆದುಕೊಳ್ಳುತ್ತದೆ. ತನ್ನಂಥವನೇ ಆದ ಇನ್ನೊಬ್ಬ ಶ್ರಮಪಟ್ಟು ಗೆದ್ದದ್ದನ್ನು ಕಂಡಾಗ 'ನನಗೂ ಆಗುತ್ತದೆ' ಎಂಬ ಭರವಸೆ ಬಲವಾಗುತ್ತದೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು ಹೇಳಿರುವುದು ನಮ್ಮ ಹಳ್ಳಿಯ ಮಕ್ಕಳಿಗೂ ಪೂರ್ತಿಯಾಗಿ ಅನ್ವಯಿಸುತ್ತದೆ. ಆದ್ದರಿಂದ ಅದೇ ಗುಂಪಿನಲ್ಲಿ ಒಂದು ಹೆಜ್ಜೆಯಷ್ಟು ಮುಂದಿರುವವನನ್ನು ಹುಡುಕಿ, ಅವನ ಮೂಲಕ ಉಳಿದವರನ್ನು ತಲುಪುತ್ತೇನೆ.

ನಡೆಸುವ ಕ್ರಮ ಹೀಗಿದೆ. ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯ ಮೂಲಕ ಬಿಡಿಸುವ ಲೆಕ್ಕವನ್ನು ಮೊದಲು ಆ ಮುಂದಿರುವ ಹುಡುಗನಿಗೆ ಚೆನ್ನಾಗಿ ಮನದಟ್ಟು ಮಾಡಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಹೆಚ್ಚು ಅಂಕಕ್ಕೆ ಬರುವ, ಅಭ್ಯಾಸವಿದ್ದರೆ ಕೈತಪ್ಪದ ಲೆಕ್ಕವದು. ಬಳಿಕ ಗುಂಪಿನೊಳಗಿಂದಲೇ ಮೂವರ ತಂಡಗಳನ್ನು ಮಾಡಿ, ಅವನು ಉಳಿದಿಬ್ಬರಿಗೆ ವಿವರಿಸಬೇಕೆಂದು ಹೇಳುತ್ತೇನೆ. ವಿವರಿಸುವವನು ಕಲಿಯುವವನ ಪೆನ್ಸಿಲ್ ಮುಟ್ಟಬಾರದು, ತನ್ನ ಪುಸ್ತಕ ಕೊಡಬಾರದು, ಬಾಯಲ್ಲೇ ಹೇಳಬೇಕು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಇಲ್ಲವಾದರೆ ನಕಲು ನಡೆಯುತ್ತದೆಯೇ ಹೊರತು ಕಲಿಕೆ ನಡೆಯುವುದಿಲ್ಲ. ಆಂಧ್ರದ ಗಡಿಯಲ್ಲಿರುವ ನಮ್ಮ ಊರುಗಳ ಅನೇಕ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ನಾನು ಕನ್ನಡದಲ್ಲಿ ಹೇಳಿದಾಗ ಹಿಡಿಯದ ಎಳೆಯನ್ನು ಗೆಳೆಯ ಮನೆಮಾತಿನಲ್ಲಿ ಹೇಳಿದ ಕೂಡಲೇ ಹಿಡಿಯುವ ಮಕ್ಕಳನ್ನು ನೋಡುವುದು ನನಗೆ ನಿಜವಾದ ಸಂತೋಷ.

ಕೈ ಎತ್ತಿದವನನ್ನು ಗೇಲಿ ಮಾಡುವ ಚಾಳಿಗೂ ಈ ತಂಡಗಳೇ ಉಪಾಯವಾದವು. ಮನಶ್ಶಾಸ್ತ್ರಜ್ಞ ಸೊಲೊಮನ್ ಆಷ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಎಲ್ಲರೂ ತಪ್ಪು ಉತ್ತರ ಹೇಳುತ್ತಿರುವಾಗ ಒಬ್ಬನಾದರೂ ಸರಿಯುತ್ತರ ಹೇಳಿ ಜೊತೆಗೆ ನಿಂತರೆ, ಬಹುಮತಕ್ಕೆ ಮಣಿಯುವುದು ತೀರಾ ಕಡಿಮೆಯಾಯಿತು. ಹಾಗಾಗಿ 'ಉತ್ತರ ಯಾರಿಗೆ ಗೊತ್ತು?' ಎಂದು ಕೇಳುವ ಬದಲು 'ನಿಮ್ಮ ತಂಡದ ಉತ್ತರವೇನು?' ಎಂದು ಕೇಳುತ್ತೇನೆ. ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ತರಗತಿಯಲ್ಲಿ ಓದಿ ಹೇಳುವುದಿಲ್ಲ. ಹಿಂದಿನ ಅಂಕಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಆಯಾ ವಿದ್ಯಾರ್ಥಿಗೆ ಮಾತ್ರ ತೋರಿಸುತ್ತೇನೆ.

ಇದು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಗೆಳೆಯರ ನೆರವಿನಿಂದ ಕಲಿಯುವುದಕ್ಕೆಂದೇ ಪ್ರತ್ಯೇಕ 'ತಟ್ಟೆ'ಗಳು, ಅಂದರೆ ಮಕ್ಕಳು ಕೂತು ಕಲಿಯುವ ಗುಂಪುಗಳು, ಇವೆ. ಹಾಗೆ ಕಲಿತು ಬಂದ ಮಕ್ಕಳನ್ನು ಪ್ರೌಢಶಾಲೆಯಲ್ಲಿ ಸಾಲಾಗಿ ಕೂರಿಸಿ ಮಾತಾಡಬೇಡಿ ಎನ್ನುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಜೊತೆಯ ಸೆಳೆತ ಎರಡೂ ಕಡೆಗಿದೆ. ಶಾಲೆ ತೆರೆಯುವ ಹೊತ್ತಿಗೆ ನಮ್ಮಲ್ಲಿ ಮಾವಿನ ಸುಗ್ಗಿ ಇನ್ನೂ ಮುಗಿದಿರುವುದಿಲ್ಲ. ಒಬ್ಬ ಮಂಡಿಯ ಕೆಲಸಕ್ಕೆ ಹೋದರೆ ಅವನ ಹಿಂದೆ ಇಡೀ ಗುಂಪೇ ಹೋಗುತ್ತದೆ. ಆಗ ಮನೆಮನೆಗೆ ಹೋಗಿ ಎಲ್ಲರನ್ನೂ ಕರೆಯುವುದಕ್ಕಿಂತ, ಗುಂಪು ಯಾರ ಮಾತನ್ನು ಕೇಳುತ್ತದೆಯೋ ಅವನ ಮನೆಗೆ ಮೊದಲು ಹೋಗಿ ತಂದೆತಾಯಿಯರೊಡನೆ ಮಾತಾಡುತ್ತೇನೆ. ಅವನು ಬಂದರೆ ಉಳಿದವರೂ ಸಾಮಾನ್ಯವಾಗಿ ಬರುತ್ತಾರೆ.

ಯಾರು ಯಾರು ಒಟ್ಟಿಗಿರುತ್ತಾರೆಂದು ಕೇಳಿದಾಗ ಯಾರೂ ಹೆಸರು ಹೇಳದ ಮಗು ಪ್ರತಿ ತರಗತಿಯಲ್ಲೂ ಸಿಗುತ್ತದೆ. ನನ್ನ ಹೆಚ್ಚಿನ ಚಿಂತೆ ಅದರ ಬಗ್ಗೆಯೇ. ತಂಡಗಳನ್ನು ರಚಿಸುವಾಗ ಆ ಮಗುವಿನ ಜಾಗವನ್ನೇ ಎಲ್ಲಕ್ಕಿಂತ ಮೊದಲು ನಿಶ್ಚಯಿಸುತ್ತೇನೆ. ಸ್ವಭಾವದಿಂದ ಮೃದುವಾದ ಇಬ್ಬರನ್ನು ಆರಿಸಿ, ಅವರೊಡನೆ ಬೇರೆಯಾಗಿ ಮಾತಾಡಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಮೂವರನ್ನು ಒಟ್ಟಿಗೆ ಕೂರಿಸುತ್ತೇನೆ. ಪ್ರತಿ ಮೌಲ್ಯಮಾಪನದ ನಂತರ ಉಳಿದ ತಂಡಗಳು ಬದಲಾಗಬಹುದು. ಈ ತಂಡವನ್ನು ಮಾತ್ರ ವರ್ಷಪೂರ್ತಿ ಹಾಗೆಯೇ ಉಳಿಸುತ್ತೇನೆ.