ಬಾಡಿಗೆ ಮನೆ ರಿಪೇರಿಗೆ ನಂಬಿಕಸ್ಥರನ್ನು ಹುಡುಕುವುದು ಹೇಗೆ?

"ಆಂಟಿ, ಅಡುಗೆಮನೆ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಬಕೆಟ್ ಇಟ್ಟಿದ್ದೀವಿ."

ಮೈಸೂರಿನ ನಮ್ಮ ಮನೆಯಲ್ಲಿ ಕೆಳಗೊಂದು ಸಂಸಾರ, ಮೇಲೊಂದು ಸಂಸಾರ ಬಾಡಿಗೆಗಿದೆ. ನಾನಿರುವುದು ಬೆಂಗಳೂರಿನಲ್ಲಿ. ಕೆಳಗಿನ ಮನೆಯವರ ಫೋನ್ ಬಂದಿದ್ದು ಭಾನುವಾರ. ಗಾಬರಿಯಲ್ಲಿ ಮೊದಲು ಸಿಕ್ಕ ಪ್ಲಂಬರ್‌ನ್ನೇ ಕರೆಸಿದೆ. ಅವರು ಮೇಲಿನ ಬಚ್ಚಲಿನ ಬಾಗಿಲಲ್ಲೇ ನಿಂತು ನೋಡಿ, "ಟೈಲ್ಸ್ ಪೂರ್ತಿ ಒಡೀಬೇಕು ಮೇಡಂ" ಎಂದರು.

ಮನಸ್ಸು ಒಪ್ಪಲಿಲ್ಲ. ಮಾರನೇ ದಿನ ಇನ್ನೊಬ್ಬರು ಬಂದರು. ಅವರು ಮೊದಲು ಕೇಳಿದ್ದು, "ನೀರು ಯಾವಾಗ್ಲೂ ಬೀಳುತ್ತಾ, ಸ್ನಾನ ಮಾಡಿದಾಗ ಮಾತ್ರಾನಾ?" ಆಮೇಲೆ ಬಚ್ಚಲಿನ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ ಹೋದರು. ಮರುದಿನದವರೆಗೂ ಕೆಳಗೆ ಒಂದು ಹನಿ ಬೀಳಲಿಲ್ಲ. ಬಟ್ಟೆ ತೆಗೆದು ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕತೊಡಗಿತು. ನೆಲ ಸರಿಯಿತ್ತು, ಟ್ರ್ಯಾಪ್‌ನಿಂದ ಹೊರಡುವ ಪೈಪಿನ ಜಾಯಿಂಟ್ ಬಿಟ್ಟಿತ್ತು. ಒಡೆದಿದ್ದು ನಾಲ್ಕೇ ಟೈಲ್ಸ್.

ಅಂದಿನಿಂದ ನಾನು ಯಾರನ್ನೇ ಕರೆಸಿದರೂ ನೋಡುವುದು ಇದೊಂದನ್ನೇ. ರೇಟು ಹೇಳುವ ಮೊದಲು ಅವರು ಕಾರಣ ಹುಡುಕುತ್ತಾರಾ? ಗೋಡೆ ಯಾಕೆ ಒದ್ದೆಯಾಗಿದೆ ಎಂದು ಕೇಳದೆ ಪುಟ್ಟಿ ಹಚ್ಚಲು ಹೊರಡುವ ಪೇಂಟರ್‌ಗೆ ಕೆಲಸ ಕೊಡಬೇಡಿ. ತೇವ ಹಾಗೇ ಇದ್ದರೆ ಎಷ್ಟು ಒಳ್ಳೆ ಪೇಂಟ್ ಬಳಿದರೂ ಉಬ್ಬಿ ಉದುರುತ್ತದೆ.

ಮನೆ ಚೆನ್ನಾಗಿರುವಾಗಲೇ ಹುಡುಕಿ

ನೀರು ಸೋರುವಾಗ ಹುಡುಕಲು ಹೊರಟರೆ ಆರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಮೊದಲೇ, ಮನೆ ಇರುವ ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಒಳ್ಳೆ ಸಾಮಾನು ಕೇಳುವವರು ಯಾರು, ಮಿಕ್ಕಿದ್ದನ್ನು ವಾಪಸ್ ತಂದು ಓನರ್ ಲೆಕ್ಕಕ್ಕೆ ಹಾಕಿಸುವವರು ಯಾರು, ಇದೆಲ್ಲ ಅಂಗಡಿಯವರಿಗೆ ಗೊತ್ತಿರುತ್ತದೆ. ಅಂಗಡಿ ಮತ್ತು ಕೆಲಸದವರ ನಡುವೆ ಕಮಿಷನ್ ಇರುವುದೂ ಉಂಟು. ಅದಕ್ಕೇ ಅಕ್ಕಪಕ್ಕದ ಎರಡು ಮನೆಗಳಲ್ಲೂ ವಿಚಾರಿಸಿ. ಎರಡು ಕಡೆ ಒಂದೇ ಹೆಸರು ಬಂದರೆ ಬರೆದುಕೊಳ್ಳಿ.

ಹಳೇ ಕೆಲಸ ತೋರಿಸಿ ಎಂದಾಗ ಎಲ್ಲರೂ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಹೊಸದಾಗಿ ಮುಗಿದ ಕೆಲಸ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಕೆಲಸ ಮುಗಿದು ಒಂದು ಮಳೆಗಾಲ ಕಳೆದ ಮನೆ ಯಾವುದಿದೆ ಎಂದು ಕೇಳಿ. ಆ ಮನೆಯವರಿಗೆ ಫೋನ್ ಮಾಡಿ, "ಆಮೇಲೆ ತೊಂದರೆ ಬಂದಾಗ ಕರೆದರೆ ಬಂದರಾ?" ಎಂದು ವಿಚಾರಿಸಿ.

ನಂತರ ಒಂದು ಸಣ್ಣ ಕೆಲಸ ಕೊಡಿ. ನಲ್ಲಿಯ ವಾಶರ್ ಅಥವಾ ಸೋರುವ ಫ್ಲಶ್ ಟ್ಯಾಂಕ್ ಸಾಕು. ತಡವಾದರೆ ಫೋನ್ ಮಾಡಿ ತಿಳಿಸುತ್ತಾರಾ, ಬಿಚ್ಚಿದ ಹಳೇ ಸಾಮಾನು ತೋರಿಸುತ್ತಾರಾ, ಬಾಡಿಗೆಯವರ ಜೊತೆ ಹೇಗೆ ಮಾತಾಡಿದರು, ಗಮನಿಸಿ. ಕೊನೆಯದಂತೂ ನನಗೆ ತುಂಬ ಮುಖ್ಯ. ನಾವಿಲ್ಲದ ಹೊತ್ತಿನಲ್ಲಿ ಬೇರೊಬ್ಬರ ಸಂಸಾರದೊಳಗೆ ಇವರನ್ನು ಕಳಿಸುತ್ತಿದ್ದೇವೆ. ಬಾಡಿಗೆಯವರಿಗೆ ಹೇಳದೆ, ಅವರ ಅನುಕೂಲ ಕೇಳದೆ ಯಾರನ್ನೂ ಕಳಿಸಬಾರದು. ಕೆಲಸದವರ ಹೆಸರು, ಫೋಟೋ, ಬರುವ ಸಮಯ ಹಿಂದಿನ ದಿನವೇ ಅವರಿಗೆ ವಾಟ್ಸ್‌ಆ್ಯಪ್ ಮಾಡಿ.

ವೈರಿಂಗ್ ಕೆಲಸಕ್ಕೆ ಮಾತ್ರ ಪರಿಚಯ ಸಾಲದು, ಲೈಸೆನ್ಸ್ ಕೇಳಲೇಬೇಕು. ಕರ್ನಾಟಕದಲ್ಲಿ ಇದನ್ನು ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಮೇಲಿರುವ 'ಟಿ' ಬಟನ್ ಒತ್ತಿ ತೋರಿಸಲು ಹೇಳಿ. ಒತ್ತಿದ ಕೂಡಲೇ ಅದು ಟ್ರಿಪ್ ಆಗಬೇಕು. ಗೀಸರ್ ಪಾಯಿಂಟ್‌ನ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಲೆಕ್ಕ ಬರೆದಿರಲಿ

ಕೊಟೇಶನ್ ಒಂದು ಹಾಳೆಯಲ್ಲಿದ್ದರೂ ಸಾಕು, ಆದರೆ ಮೆಟೀರಿಯಲ್ ಬೇರೆ, ಲೇಬರ್ ಬೇರೆ ಬರೆಸಿ. ಪೈಪಿನ ಕಂಪನಿ, ಸೈಜು, ಎಷ್ಟು ಕೋಟ್ ಪೇಂಟ್, ಒಡೆದ ಮಣ್ಣು ಸಾಗಿಸುವ ಖರ್ಚು ಯಾರದು, ಎಲ್ಲವೂ ಇರಲಿ. ಪೇಂಟಿಂಗ್ ಚದರಡಿ ಲೆಕ್ಕ ಗೋಡೆಯದ್ದು, ನೆಲದ್ದಲ್ಲ. ಅಳತೆ ಹಿಡಿಯುವಾಗ ನೀವೂ ಜೊತೆಗಿರಿ. ಒಡೆದು ನೋಡುವವರೆಗೆ ಎಷ್ಟು ಕೆಲಸವಿದೆ ಎಂದು ತಿಳಿಯದ ರಿಪೇರಿಗೆ ದಿನಗೂಲಿಯೇ ವಾಸಿ.

ಆದಷ್ಟು ಸಾಮಾನು ನೀವೇ ತಂದುಕೊಡಿ. ಕೆಲವು ಪೇಂಟ್ ಡಬ್ಬಗಳೊಳಗೆ ಪೇಂಟರ್‌ಗೆಂದೇ ಕಂಪನಿಯ ಇನಾಮಿನ ಟೋಕನ್ ಇರುತ್ತದೆ. ಅದು ಅವರಿಗೇ ಸೇರಲಿ. ಖಾಲಿ ಡಬ್ಬಗಳನ್ನು ಮಾತ್ರ ಕೊನೆಯವರೆಗೆ ಇಡಲು ಹೇಳಿ, ಎಣಿಸಬಹುದು.

ದುಡ್ಡನ್ನು ಮೊದಲೇ ಪೂರ್ತಿ ಕೊಡಬೇಡಿ. ಕೆಲಸ ನಡೆದಂತೆ ಕೊಡುತ್ತಾ ಹೋಗಿ, ಹತ್ತರಲ್ಲಿ ಒಂದು ಭಾಗ ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳಿ. ಈ ಮಾತನ್ನು ಶುರುವಿನಲ್ಲೇ ಹೇಳಿಬಿಡಿ. ಕೊನೆಗೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ. ಪರೀಕ್ಷೆ ಸರಿ ಬಂದ ದಿನವೇ ಬಾಕಿ ಕೊಟ್ಟುಬಿಡಿ. ಕೂಲಿಗಾಗಿ ನಾಲ್ಕು ಸಲ ಅಲೆಸಿದರೆ ಒಳ್ಳೆ ಮೇಸ್ತ್ರಿ ಇನ್ನೊಮ್ಮೆ ಬರುವುದಿಲ್ಲ.

ರಿಪೇರಿ ಖರ್ಚು ಯಾರದು ಎಂಬ ಜಗಳವೂ ಇಲ್ಲೇ ಹುಟ್ಟುತ್ತದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೊಂದು ಪಟ್ಟಿ ಇದೆ. ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಮಾಲೀಕರಿಗೆ. ನಲ್ಲಿ ವಾಶರ್, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆಯವರಿಗೆ. ಅದು ಮಾದರಿಯಷ್ಟೇ, ಆದರೂ ಕರಾರುಪತ್ರ ಬರೆಯುವಾಗ ನೋಡಿಕೊಳ್ಳಲು ಒಳ್ಳೆಯದು. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ನಮ್ಮಲ್ಲಿದೆ. ಮುರಿದುಕೊಂಡ ಮೇಲೆ ಬಣ್ಣ ಬಳಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಸುಮ್ನೆ ಜೇಬಿಗೆ ಹಾಕಿಕೊಳ್ಳುವುದು ಅನ್ಯಾಯ.

ತೆರಿಗೆ ಲೆಕ್ಕ ಹಾಕುವಾಗ ಬಾಡಿಗೆ ಆದಾಯದಲ್ಲಿ ಶೇ 30ರಷ್ಟನ್ನು ಬಿಲ್ಲಿಲ್ಲದೆಯೂ ಕಳೆಯಬಹುದು, ರಿಪೇರಿಗೆಂದು ಬೇರೆ ಕಳೆಯುವಂತಿಲ್ಲ. ಆದರೂ ಬಿಲ್ಲು ಇಟ್ಟುಕೊಳ್ಳಿ. ಪಂಪು, ಗೀಸರ್‌ಗೆ ವಾರಂಟಿ ಕೇಳಲು ಬೇಕು. ದುಡ್ಡು ತೆಗೆದುಕೊಂಡ ಕಂಪನಿ ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗಲೂ ಬೇಕು.

ಕೊನೆಗೊಂದು ಕೆಲಸ ಉಳಿದಿದೆ. ಟೈಲ್ಸ್ ಮುಚ್ಚುವ ಮುಂಚೆ, ಒಡೆದ ಜಾಗದ ಫೋಟೋ ತೆಗೆಯಲು ಹೇಳಿ. ಪೈಪಿನ ಪಕ್ಕ ಅಳತೆ ಟೇಪು ಹಿಡಿದಿರಲಿ. ನಮ್ಮ ಬಚ್ಚಲಿನದು ನನ್ನ ಫೋನಿನಲ್ಲಿದೆ: ಗೋಡೆಯಿಂದ ಹದಿನಾಲ್ಕು ಇಂಚಿಗೆ ಪೈಪು. ಕಳೆದ ತಿಂಗಳು ಅಲ್ಲೊಂದು ಸ್ಟ್ಯಾಂಡ್ ಕೂರಿಸಲು ಡ್ರಿಲ್ ಹಿಡಿದು ಬಂದವರಿಗೆ ಮೊದಲು ಕಳಿಸಿದ್ದು ಅದೇ ಫೋಟೋ.